ಹಸಿರು ದೀಪದ ಬಳೆ

ನಿಂಬೆವ್ವ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕುಳಿತರೆ ಅವಳ ಎಡಗೈಯ ಗಾಜಿನ ಬಳೆಗಳ ನಡುವೆ ಒಂದು ಹಸಿರು ದೀಪ ಮಿಣುಕುತ್ತಿತ್ತು. ಜೋಳದ ಕಾಳಿನಷ್ಟು ದೀಪ. ಅವಳ ನಾಡಿಯ ಜೊತೆಗೇ ಹೊತ್ತಿ, ನಾಡಿಯ ಜೊತೆಗೇ ಆರುತ್ತಿತ್ತು. ತಿಂಗಳಿಗೊಮ್ಮೆ ಬಳೆ ‘ಟಿಣ್’ ಎಂದರೆ ಪಿಂಚಣಿ ಬಂತೆಂದು ಅರ್ಥ. ಅದರ ಬೆನ್ನಿಗೇ ಅವಳ ಸಕ್ಕರೆ ಕಾಯಿಲೆಯ ಔಷಧಿ ಗುಳೇದಗುಡ್ಡದ ನೇಕಾರರ ಓಣಿಯ ಆ ಪುಟ್ಟ ಮನೆಗೆ ತಾನಾಗಿ ಬಂದು ತಲುಪುತ್ತಿತ್ತು.

“ಸರಕಾರ ನಿನ್ನ ಕೈ ಹಿಡದೈತಿ ನೋಡು,” ಎಂದು ಗಂಡ ಚನ್ನಮಲ್ಲಪ್ಪ ಮಗ್ಗದ ಕುಣಿಯೊಳಗೆ ಕಾಲಿಟ್ಟು ಕೂತಲ್ಲಿಂದಲೇ ಛೇಡಿಸುತ್ತಿದ್ದ. “ನಾ ಹಿಡದದ್ದಕ್ಕಿಂತ ಬಿಗಿಯಾಗಿ.”

“ನೀವು ಹಿಡದಾಗ ಔಷಧಿ ಎಲ್ಲಿ ಬಂದಿತ್ತು? ಬರೇ ನೂಲು ಬಂತು,” ಎನ್ನುತ್ತಿದ್ದಳು ನಿಂಬೆವ್ವ.

ಜೀವಕಂಕಣವೆಂಬ ಈ ಬಳೆಯನ್ನು ಕಂಡುಹಿಡಿದವರು ಡಾಕ್ಟರ್ ಮೃಣಾಲಿನಿ ಹೊಳ್ಳ. ಅದಕ್ಕೆ ಮುಂಚೆ ಮುದುಕರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಲು ಸಾಲಿನಲ್ಲಿ ನಿಲ್ಲಬೇಕಿತ್ತು. ನೂಲು ಸವೆಸಿದ ಹೆಬ್ಬೆರಳುಗಳನ್ನು ಯಂತ್ರಗಳು ಗುರುತಿಸುತ್ತಿರಲಿಲ್ಲ. ಹೃದಯದ ಬಡಿತ ಹಾಗಲ್ಲ. ಪ್ರತಿಯೊಬ್ಬರ ಬಡಿತದ ಅಲೆಗೂ ಅದರದೇ ಒಂದು ಆಕಾರವಿದೆ, ಅದು ಸವೆಯುವುದಿಲ್ಲ. ಆ ಅಲೆಯನ್ನು ಓದುವ ತಂತಿಯನ್ನು ಮೃಣಾಲಿನಿ ಬಳೆಯ ಆಕಾರದಲ್ಲಿ ಬಾಗಿಸಿ, ಮಣಿಕಟ್ಟಿಗೆ ಬೆಸೆದುಬಿಡುವ ವಿಧಾನ ರೂಪಿಸಿದರು. ಹೆಂಗಸರು ಏನನ್ನು ಮರೆತರೂ ಬಳೆಯನ್ನು ತೆಗೆದಿಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಹಳ್ಳಿಯವರಿಗೆ ಇಷ್ಟವಾಗಲೆಂದು ದೀಪಕ್ಕೆ ಹಸಿರು ಬಣ್ಣ ಕೊಟ್ಟದ್ದೂ ಅವರೇ. ನಾಡಿ ನಿಂತರೆ, ಇಲ್ಲವೆ ತಂತಿ ತುಂಡಾದರೆ, ಆ ವ್ಯಕ್ತಿ ತೀರಿಹೋದರೆಂದು ದಾಖಲಾಗುತ್ತಿತ್ತು. ಒಮ್ಮೆ ದಾಖಲಾದ ಸಾವು ಅಳಿಯುತ್ತಿರಲಿಲ್ಲ. ಹೆಣದ ಕೈಯಿಂದ ಬಳೆ ಕತ್ತರಿಸಿ, ‘ಅಜ್ಜಿ ಇನ್ನೂ ಇದ್ದಾಳೆ’ ಎನ್ನುವ ಮಕ್ಕಳಿರುತ್ತಾರಲ್ಲ! ಈ ನಿಯಮವನ್ನು ಬರೆದವರೂ ಮೃಣಾಲಿನಿಯೇ.

ಒಂದು ಬೇಸಿಗೆಯಲ್ಲಿ ಚನ್ನಮಲ್ಲಪ್ಪ ಮಗ್ಗದ ಮೇಲೇ ಒರಗಿ ಹೋಗಿಬಿಟ್ಟ.

ಹತ್ತನೆಯ ದಿನ ಓಣಿಯ ಹೆಂಗಸರು ನಿಂಬೆವ್ವನನ್ನು ಹಿತ್ತಿಲಲ್ಲಿ ಕೂರಿಸಿ ಗಾಜಿನ ಬಳೆಗಳನ್ನು ಒಡೆದರು. ದೀಪದ ಬಳೆ ಒಂದೇ ಉಳಿಯಿತು. ಅದು ಏನೂ ತಿಳಿಯದಂತೆ ಮಿಣುಕುತ್ತಲೇ ಇತ್ತು.

“ಇದು ಸರಕಾರದ್ದು. ಬಿಡ್ರೆವ್ವಾ,” ಎಂದಳು ಒಬ್ಬಳು.

“ಯಾರದರ ಇರವಲ್ದ್ಯಾಕ, ಹಸರ ಬಳಿ ಹಸರ ಬಳೀನ,” ಎಂದಳು ನಾದಿನಿ ಈರಕ್ಕ. “ನಮ್ಮಣ್ಣ ಮಣ್ಣಾಗ ಹೋಗ್ಯಾನ, ಇಕೀ ಕೈಯಾಗ ಹಸರ ದೀಪಾ ಹಚ್ಚಿಕೊಂಡು ತಿರಗಬೇಕೇನ? ನಾಳೆ ಮಂದಿ ನನಗ ಅಂತಾರ.”

ಈರಕ್ಕ ಕೆಟ್ಟವಳಲ್ಲ. ಅಷ್ಟೂ ದಿನ ನಿಂಬೆವ್ವನಿಗೆ ಗಂಜಿ ಕುಡಿಸಿದವಳು ಅವಳೇ. ಮಗ್ಗದ ತಂತಿ ಕತ್ತರಿಸುವ ಇಕ್ಕಳ ಬಂತು. ನಿಂಬೆವ್ವ ಕೈ ಮುಂದೆ ಚಾಚಿ ಗೋಡೆ ನೋಡುತ್ತ ಕುಳಿತಳು. ದೀಪ ಆರಿತು.

ಆಮೇಲೆ ಪಿಂಚಣಿ ಬರಲಿಲ್ಲ, ಔಷಧಿಯೂ ಬರಲಿಲ್ಲ. ನಿಂಬೆವ್ವನ ಕಾಲು ಬಾತುಕೊಂಡಿತು. ಹೆಬ್ಬೆರಳಿನ ಹುಣ್ಣು ಮಾಯಲಿಲ್ಲ.

ಇತ್ತ ಬಳೆಗಳ ದಾಖಲೆಯಿಂದ ಮೃಣಾಲಿನಿಯ ಕೈಗೆ ಬೇರೆಯದೇ ಒಂದು ಸಂಗತಿ ಸಿಕ್ಕಿತ್ತು. ಈ ಭಾಗದ ಊರುಗಳಲ್ಲಿ ಗಂಡ ಸತ್ತ ಕೆಲವೇ ದಿನಗಳಲ್ಲಿ ಹೆಂಡತಿಯರೂ ಸಾಯುತ್ತಿದ್ದರು. ಒಬ್ಬರಲ್ಲ ಇಬ್ಬರಲ್ಲ. ಮೃಣಾಲಿನಿ ಅದಕ್ಕೆ ‘ಜೊತೆಸಾವು’ ಎಂದು ಹೆಸರಿಟ್ಟು, ದುಃಖವು ಹೃದಯವನ್ನು ನಿಲ್ಲಿಸಬಲ್ಲದೆಂದು ಒಂದು ಸಭೆಯಲ್ಲಿ ಮಾತನಾಡಿದ್ದರು. ಕೇಳಿದವರು ಕಣ್ಣೊರೆಸಿಕೊಂಡಿದ್ದರು. ಹಾಗೆ ಸತ್ತವರ ಮನೆಮಂದಿಯನ್ನು ಕಂಡುಬರಲು ಅವರು ಗುಳೇದಗುಡ್ಡಕ್ಕೆ ಹೊರಟರು.

ಬಾಗಿಲು ತೆರೆದವಳು ಕುಂಟುತ್ತಿದ್ದ ಒಬ್ಬ ಮುದುಕಿ.

“ಇದು ದಿವಂಗತ ನಿಂಬೆವ್ವನವರ ಮನೆಯಲ್ಲವೆ? ಅವರ ಬಗ್ಗೆ ಸ್ವಲ್ಪ ಕೇಳಬೇಕಿತ್ತು.”

“ಕೇಳ್ರಿ ಬರ್ರಿ,” ಎಂದಳು ಮುದುಕಿ. “ನಾನ ನಿಂಬೆವ್ವ.”

ಮೃಣಾಲಿನಿ ಅವಳ ಬರಿಗೈ ನೋಡಿದರು. ಎಲ್ಲವೂ ತಿಳಿಯಲು ಬೇರೆ ಮಾತು ಬೇಕಾಗಲಿಲ್ಲ. ಅವರ ಸ್ವಂತ ಮನೆಯಲ್ಲಿ ಯಾರೂ ಯಾರ ಬಳೆಯನ್ನೂ ಒಡೆದಿರಲಿಲ್ಲ. ಹೆಂಗಸರು ಬಳೆ ತೆಗೆಯುವ ಒಂದು ದಿನವಿದೆ ಎಂಬುದು ಅವರ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಅವರು ಅವಳನ್ನು ಕೈಹಿಡಿದು ಪಿಂಚಣಿ ಕೇಂದ್ರಕ್ಕೆ ನಡೆಸಿಕೊಂಡು ಹೋದರು. ಅಲ್ಲಿನ ಗುಮಾಸ್ತ ಹುಸೇನಸಾಬ ಎದ್ದು ನಿಂತ.

“ಮತ್ತ ಬಂದ್ಯಾ ಬೇ? ಸತ್ತವರು ಹಿಂಗ ದಿನಾ ಬಂದು ಚಾ ಕುಡದ್ರ ನನ್ನ ಪಗಾರ ಸಾಲತೈತೇನ?”

“ಸತ್ತವರಿಗೆ ಸಕ್ಕರಿ ಹಾಕಬ್ಯಾಡಪಾ, ಬರೇ ಚಾ ಕೊಡು,” ಎಂದಳು ನಿಂಬೆವ್ವ ಬೆಂಚಿನ ಮೇಲೆ ಕುಸಿಯುತ್ತ.

“ಇಂಥವರು ಬೇರೆ ಯಾರಾದರೂ ಇದ್ದಾರಾ?” ಮೃಣಾಲಿನಿಯ ದನಿ ಇಳಿದಿತ್ತು.

“ಓಣಿಗೊಬ್ಬರು ಅದಾರ್ರೀ,” ಎಂದ ಹುಸೇನಸಾಬ.

“ಯಾರೂ ದೂರು ಕೊಡಲಿಲ್ಲವೆ?”

“ದೂರು ಕೊಡಾಕ ಕೈಯಾಗ ಬಳಿ ಬೇಕಲ್ರೀ ಮೇಡಮ್ಮಾರ.”

ಮೃಣಾಲಿನಿ ಹೊಸದೊಂದು ಬಳೆ ತರಿಸಿ ತಾವೇ ನಿಂಬೆವ್ವನ ಕೈಗೆ ತೊಡಿಸಿದರು. ದೀಪ ಹಳದಿಯಾಗಿ ಹೊತ್ತಿತು. ಬಳೆ ಬಡಿತವನ್ನು ಓದತೊಡಗಿತು. ತಪ್ಪಿಲ್ಲದೆ ಓದಿತು. ಇದು ನಿಂಬೆವ್ವನದೇ ಹೃದಯ ಎಂದು ಗುರುತು ಹಿಡಿಯಿತು. ಗುರುತು ಹಿಡಿದದ್ದರಿಂದಲೇ ದೀಪ ಕೆಂಪಾಯಿತು: ಸತ್ತವರ ಹೆಸರಿನಲ್ಲಿ ಮೋಸದ ಪ್ರಯತ್ನ.

“ಹಸರ ಹೋಗಿ ಕೆಂಪ ಬಂತಲ್ರೀ,” ಎಂದಳು ನಿಂಬೆವ್ವ. “ಇದನ್ನೂ ತಗದ್ಬಿಡ್ರಿ. ಈರಕ್ಕ ಬೈತಾಳ.”

ಮೃಣಾಲಿನಿ ರಾಜಧಾನಿಗೆ ಫೋನು ಮಾಡಿದರು. ಅತ್ತಲಿನ ಅಧಿಕಾರಿ ಗೌರವದಿಂದಲೇ ಮಾತನಾಡಿದ. “ಮೇಡಂ, ಸಾವನ್ನು ಅಳಿಸುವ ದಾರಿಯನ್ನೇ ಇಡಬಾರದು ಅಂದವರು ನೀವಲ್ಲವೇ? ಈಗ ಇಡಬೇಕೆಂದರೆ ಸಮಿತಿ ಕೂರಬೇಕು. ವರ್ಷವಾದರೂ ಬೇಕು.” ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ವರ್ಷ. ಮೃಣಾಲಿನಿ ನಿಂಬೆವ್ವನ ಕಾಲಿನ ಹುಣ್ಣನ್ನು ನೋಡಿದರು. ಅದರ ಸುತ್ತಲಿನ ಚರ್ಮ ಕಪ್ಪಗೆ ತಿರುಗಿತ್ತು. ತಮ್ಮ ಕೈಯ ಹಣದಿಂದ ಔಷಧಿ ಕೊಳ್ಳಬಹುದು, ಇವಳೊಬ್ಬಳಿಗೆ. ಓಣಿಗೊಬ್ಬರಿಗೆ? ಊರೂರಿಗೆ?

ಬಾಗಿಲ ಬಳಿ ಈರಕ್ಕ ಬಂದು ನಿಂತಿದ್ದಳು. ಅವಳ ಗಂಡ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಅವಳು ಹಸಿರು ದೀಪ ಮಿಣುಕುತ್ತಿದ್ದ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಸುಮ್ನಿರ್ರಿ ಬಾಯಾರ, ನೀವ್ಯಾಕ ಅಳ್ತೀರಿ?” ಎಂದಳು ನಿಂಬೆವ್ವ, ಮೃಣಾಲಿನಿಯ ಕಡೆ ತಿರುಗಿ. “ನಾ ಹೊಸಾದಾಗಿ ಮದುವಿ ಆಗಿ ಬಂದಾಗ ನಮ್ಮತ್ತೀನ ಕರಕೊಂಡು ಪಿಂಚಣಿಗಂತ ಪೋಸ್ಟಿಗೆ ಹೋಗ್ತಿದ್ದೆ. ಆಕೀದೂ ಹೆಬ್ಬೆಟ್ಟ ಬರ್ತಿದ್ದಿಲ್ಲ. ಪೋಸ್ಟ ಮಾಸ್ತರ ಮಷಿನ್ ಬದಿಗಿಟ್ಟು ಮಾರಿ ನೋಡಿ ಕೇಳ್ತಿದ್ದ: ಏನಬೇ, ಆರಾಮದಿಯಾ? ಅಷ್ಟಕ್ಕ ಮುಗೀತಿತ್ತು.”

ಮೃಣಾಲಿನಿ ಇನ್ನೂ ಬೆಸೆಯದಿದ್ದ ಕೆಂಪು ಬಳೆಯನ್ನು ಕಳಚಿ ಮೇಜಿನ ಮೇಲಿಟ್ಟರು. ಬರಿಗೈಯ ಮಣಿಕಟ್ಟನ್ನು ಮೂರು ಬೆರಳಿನಿಂದ ಹಿಡಿದರು. ನಾಡಿ ಇತ್ತು, ಸ್ವಲ್ಪ ಅವಸರದಲ್ಲಿತ್ತು.

“ನಿಂಬೆವ್ವಾ, ಆರಾಮಿದ್ದೀರಾ?”

“ಅದೀನ್ರೀ,” ಎಂದಳು ನಿಂಬೆವ್ವ.

ಆ ಉತ್ತರವನ್ನು ದಾಖಲಿಸಿಕೊಳ್ಳಲು ಆ ಕೇಂದ್ರದಲ್ಲಿ ಎಲ್ಲಿಯೂ ಜಾಗವಿರಲಿಲ್ಲ.