ಹಿಟ್ಟಿನ ಮೇಲಿನ ಚಕ್ರ

ಕರ್ಮಗಳೆಲ್ಲ ಮುಗಿದ ಮರುದಿನ ಮನೆಯಲ್ಲಿ ಮತ್ತೆ ಚಹಾ ಕುದಿಯಿತು. ನೆಂಟರು ಹೋಗಿದ್ದರು. ಹೊರಗೆ ಇಮಾಮಸಾಬರ ದನಿ ಕೇಳಿಸಿತು.

"ಬಾಯಾರ, ಹೊಸಾ ಹಲ್ಲಿನ ಗಾಲಿ ತಂದೀನ್ರಿ."

ಇಮಾಮಸಾಬರು ಬೀಜದಿಂದ ಹತ್ತಿ ಬಿಡಿಸುವ ಬಾಗಲಕೋಟೆಯ ಜಿನ್ನಿನ ಮಿಸ್ತ್ರಿ. ಘಟಪ್ರಭೆಯಲ್ಲಿ ಜನರನ್ನು ದಾಟಿಸುತ್ತಿದ್ದ ನಮ್ಮ ದೋಣಿಯ ಇಂಜಿನ್ನು ಕೆಟ್ಟಾಗ, ನನ್ನ ಗಂಡ ಅನಂತರಾಯರು ಅವರ ಪಾನಾ, ಅಂದರೆ ಸ್ಪ್ಯಾನರು, ಇಸಕೊಂಡು ಬೋಲ್ಟುಗಳನ್ನು ಬಿಚ್ಚಿದ್ದರು. ಇಂಜಿನ್ನನ್ನು ಬಿದಿರ ಗಳಕ್ಕೆ ಕಟ್ಟಿ ದಂಡೆಗೆ ಹೊತ್ತರು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಮನೆಗೆ ತಂದರು. ತಲೆಬಾಗಿಲ ಪಕ್ಕದ ಕೊಟ್ಟಿಗೆಯಲ್ಲಿ ಹಲಗೆಗಳ ಮೇಲೆ ಕೂರಿಸಿ, ಧೂಳು ಹೋಗದಂತೆ ಇಮಾಮಸಾಬರೇ ಗೋಣಿತಟ್ಟು ಬಿಗಿದರು. ಆಮೇಲೆ ನನ್ನವರಿಗೆ ಜ್ವರ ಬಂತು. ಅಷ್ಟೇ.

ಇಮಾಮಸಾಬರು ಗೋಣಿ ಸರಿಸಿದವರು ಹಾಗೇ ನಿಂತರು.

"ಮ್ಯಾಗ್ನೆಟೋ ಎಲ್ಲೈತ್ರಿ?"

ಕಿಡಿ ಹೊಡೆಯುವ ಭಾಗ ಅದು; ಹಲ್ಲಿನ ಗಾಲಿ ಇರುವುದೂ ಅದಕ್ಕೇ. ಅದಿಲ್ಲದಿದ್ದರೆ ಇಂಜಿನ್ನು ಬರೀ ಕಬ್ಬಿಣ.

ಇವರ ಅಣ್ಣ, ನನ್ನ ಭಾವ ಪಂಢರೀನಾಥರು ಹೊರಗೆ ಬಂದರು. "ಗೋಣಿ ಕಟ್ಟಿದಾಂವ ನೀನಽ, ಬಿಚ್ಚಿದಾಂವನೂ ನೀನಽ. ಎಲ್ಲಿ ಮಾರಿದಿ?"

"ಅಂಥಾ ಮಾತ ಆಡಬ್ಯಾಡ್ರಿ ರಾಯರ. ಅಲ್ಲಾನ ಆಣಿ!"

"ಆಣಿ ಫೌಜದಾರರ ಮುಂದ ಮಾಡು. ಊಟ ಆದಮ್ಯಾಲೆ ಚಾವಡಿಗೆ ಹೊಂಟೇನಿ."

ಇಮಾಮಸಾಬರು ಕಟ್ಟೆಯ ಮೇಲೆ ಕೂತರು. ಚಾವಡಿಯಲ್ಲಿ ಹೆಸರು ಬಿದ್ದ ಮಿಸ್ತ್ರಿಯನ್ನು ಯಾವ ಜಿನ್ನು ಇಟ್ಟುಕೊಂಡೀತು?

ಹರಗೋಲಿನ ದುರ್ಗಪ್ಪ ಬಾಗಿಲಲ್ಲಿ ಇಣುಕಿದ. ನಮ್ಮ ದೋಣಿ ನಿಂತ ಮೇಲೆ ಅವನ ಹರಗೋಲು ಜನರಿಂದ ತುಂಬುತ್ತಿತ್ತು.

"ನೀನೇನಪಾ ಒಯ್ದಾಂವ?" ಎಂದೆ.

ಅವನು ನಕ್ಕ. "ತುಂಡು ಯಾಕ ಒಯ್ಲಿ ಬಾಯಾರ? ನಾ ಆಗಿದ್ರ ದೋಣಿಗೇ ತೂತ ಹಾಕ್ತಿದ್ದೆ!"

ಒಳಗಿನಿಂದ ಅತ್ತೆ ಭಾಗೀರಥೀಬಾಯಿ ಅಂದರು: "ಚಾವಡಿ ಗೀವಡಿ ಬ್ಯಾಡೋ ಪಂಢರಿ. ನನ್ನ ಅನಂತ ವೈಕುಂಠ ಸೇರ್ಯಾನ. ಹಿಟ್ಟಿನ್ಯಾಗ ಚಕ್ರ ಮೂಡಿತ್ತು. ಒಂದು ಎಸಳು ತಪ್ಪಿತ್ತು—ಸಣ್ಣ ವಯಸ್ಸಿನ್ಯಾಗ ಹೋದ, ಅದಕ್ಕ."

ಇವರು ಪ್ರಾಣ ಬಿಟ್ಟ ಜಾಗದಲ್ಲಿ ಅಕ್ಕಿಹಿಟ್ಟು ಹರವಿ, ಬುಟ್ಟಿ ಬೋರಲು ಹಾಕಿ, ಪಕ್ಕದಲ್ಲಿ ದೀಪ ಇಟ್ಟಿದ್ದರು. ಹತ್ತನೆಯ ದಿನ ಬುಟ್ಟಿ ಎತ್ತುತ್ತಾರೆ. ಹಿಟ್ಟಿನಲ್ಲಿ ಮೂಡಿದ ಗುರುತು ಹೋದವರ ಗತಿ ಹೇಳುತ್ತದೆಂದು ನಂಬಿಕೆ. ಅಂದು ಎಲ್ಲರೂ ಕೈ ಮುಗಿದಿದ್ದರು. ನಾನೂ ನೋಡಿದ್ದೆ, ನೋಡಿಯೂ ಕಂಡಿರಲಿಲ್ಲ.

ಇಮಾಮಸಾಬರ ಅಂಗೈಯಲ್ಲಿದ್ದ ಹೊಸ ಗಾಲಿಯನ್ನು ನೋಡಿದೆ. ಹಿತ್ತಲಿಗೆ ಹೋಗಿ, ಅಲ್ಲಿ ಇಟ್ಟಿದ್ದ ಆ ಬುಟ್ಟಿಯನ್ನು ಮೂಸಿದೆ. ಇಂಜಿನ್ನಿನ ಎಣ್ಣೆ. ಆ ವಾಸನೆ ಇವರ ಅಂಗಿಗಳಲ್ಲಿ ಇನ್ನೂ ಇದೆ.

ಭಾವನೆದುರು ಬಾಗಿಲ ಮರೆಯಲ್ಲೇ ಮಾತಾಡುತ್ತಿದ್ದವಳು ಹೊಸ್ತಿಲು ದಾಟಿದೆ.

"ಭಾವ, ದೀಪಕ್ಕ ಎಣ್ಣಿ ಹಾಕತಿದ್ದವರು ಯಾರು?"

"ನಾನಽ. ಕರ್ಮಾ ಹಿಡದಾಂವ ನಾ."

"ಇಮಾಮಸಾಬರು ಆ ಕೋಣಿಗೆ ಬಂದಿದ್ರೇನು?"

"ಅಂವ ಒಳಗ ಹೆಂಗ ಬರ್ತಾನ?—" ಭಾವ ಮಾತು ನುಂಗಿದರು.

"ಮನಿ ತುಂಬ ಮಂದಿ. ಯಾರೂ ಮುಟ್ಟದ ಜಾಗಾ ಆ ಬುಟ್ಟಿ ಒಂದಽ. ಮ್ಯಾಗ್ನೆಟೋ ಅದರ ಕೆಳಗ ಇಟ್ಟ್ರಿ. ಗಾಲಿ ಹಿಟ್ಟಿನ್ಯಾಗ ಊರಿತು. ಎಸಳು ತಪ್ಪಿದ್ದಲ್ಲ ಭಾವ, ಹಲ್ಲು ಮುರದಿದ್ದು. ಹೊಸಾ ಗಾಲಿ ಬಂದದ್ದು ಅದಕ್ಕಽ. ಒಯ್ದವರು ನೀವು."

ಭಾವ ದನಿ ತಗ್ಗಿಸಿ ಅಂದರು:

"ದೋಣಿ ನಡದ್ರ ನೀ ಇಲ್ಲೇ ಇರ್ತಿ. ಗಂಡ ಸತ್ತಾಕಿ ಹೊಳಿದಂಡಿಗೆ ನಿಂತ್ರ ಊರು ನಗತದ. ತೌರಿಗೆ ಕಳಸೋಣಂತ..."

"ಮ್ಯಾಗ್ನೆಟೋ ತಗೊಂಡಾಗ ಹಿಟ್ಟು ಯಾಕ ಅಳಸಲಿಲ್ಲ?"

"ದೀಪದ ಬೆಳಕಿನ್ಯಾಗ ನನಗೂ ಅದು ಚಕ್ರನಽ ಕಂಡಿತು. ಕೈ ಬರಲಿಲ್ಲ."

ಭಾವನ ಹಾಸಿಗೆ ಸುರುಳಿಯಿಂದ ಮ್ಯಾಗ್ನೆಟೋ ಹೊರಬಂತು. ತಿರುಗಿದರೆ ಅತ್ತೆ ನಿಂತಿದ್ದರು. ಅವರ ವೈಕುಂಠವನ್ನು ನಾನು ಕಿತ್ತುಕೊಂಡಿದ್ದೆ. ಅವರು ಕೂತು ಮ್ಯಾಗ್ನೆಟೋವನ್ನು ಮಡಿಲಿಗೆ ತೆಗೆದುಕೊಂಡು, ಮುರಿದ ಹಲ್ಲನ್ನು ಬೆರಳಿನಿಂದ ಸವರಿದರು.

"ತುಳಸಾ, ಇದು ಅಂವಂದಽ ಗಾಲಿ ಅಲ್ಲೇನು?"

"ಹೌದ್ರಿ ಅತ್ತ್ಯಾರ."

"ಮತ್ತ ಹಿಟ್ಟಿನ್ಯಾಗ ಮೂಡಿದ್ದು ಸುಳ್ಳು ಹೆಂಗಾತು?"

ಭಾವನೇ ಮ್ಯಾಗ್ನೆಟೋ ಹಿಡಿದು ಕಟ್ಟೆಗೆ ಹೋದರು. ತಲೆ ಎತ್ತದೆ ಇಮಾಮಸಾಬರ ಕೈಗಿಟ್ಟರು. ನಾನು ಗೂಟದ ಮೇಲಿನ ಇವರ ಅಂಗಿಯ ಕಿಸೆಯಿಂದ ಪಾನಾ ತೆಗೆದುಕೊಂಡು ಹೊರಗೆ ನಡೆದೆ.

"ನಿಮ್ಮದು. ಇವರು ಇಸಕೊಂಡಿದ್ರು."

"ಇಲ್ಲೇ ಇರ್ಲಿ ಬಾಯಾರ. ನಾಳೆ ಕೆಲಸಕ್ಕ ಬೇಕು."

"ತಗೋರಿ," ಎಂದೆ. "ನಾಳೆ ನೀವಽ ತರ್ರಿ."