ಆ ಮನೆಯ ಮಗುವಿನಾಣೆ

“ಬಾಡಿಗೆ ತಡ ಆದ್ರೂ ಪರವಾಗಿಲ್ಲ. ಈ ಕೋಣೇಲಿ ನಿಂತು ಯಾರ ತಲೆ ಮೇಲೂ ಸುಳ್ಳಾಣೆ ಮಾತ್ರ ಇಡಬೇಡಪ್ಪ,” ಎಂದಳು ಕೆಳಗೆ ಲಾಂಡ್ರಿ ನಡೆಸುವ ಮನೆಯೊಡತಿ ಅಜ್ಜಿ, ಮಹಡಿಯ ಕೋಣೆಯ ಬೀಗದ ಕೈ ಕೊಡುತ್ತಾ.

ಹಿಂದೆ ಅಲ್ಲಿದ್ದವನೊಬ್ಬ ಸುಳ್ಳಾಣೆ ಇಟ್ಟೂ ಇಟ್ಟೂ ಹೆಂಡತಿಗೆ ಕೈಕೊಟ್ಟನಂತೆ. ಅವಳು ಮಾಟಗಾರನನ್ನು ಕರೆತಂದು ಹೊಸ್ತಿಲಿಗೆ ಮೊಳೆ ಹೊಡೆಸಿದಳಂತೆ. ಅಂದಿನಿಂದ ಅಲ್ಲಿ ಇಟ್ಟ ಸುಳ್ಳಾಣೆ ತಟ್ಟದೆ ಬಿಡುವುದಿಲ್ಲವಂತೆ. ಹೊಸ ಬಾಡಿಗೆದಾರ ಲಿಫ್ಟ್ ರಿಪೇರಿಯವನು. ಕೇಳಿ ನಕ್ಕುಬಿಟ್ಟ.

“ಆಣೆ ತಟ್ಟೋ ಹಾಗಿದ್ರೆ ಊರಲ್ಲಿ ಒಂದು ಮಗೂನೂ ಉಳೀತಿರ್ಲಿಲ್ಲ ಅಜ್ಜಿ.”

ಆಣೆಯ ವಿಷಯದಲ್ಲಿ ಅವನದು ಪಳಗಿದ ಕೈ. ಮೊದಲ ಹೆಂಡತಿಯ ಮನೆಯಲ್ಲಿ ಮಗಳು, ಎರಡನೆಯವಳ ಮನೆಯಲ್ಲಿ ಮಗ. ಎರಡು ಮದುವೆಯೂ ಮುರಿದು, ಎರಡೂ ಮನೆಗೆ ಜೀವನಾಂಶ ಕೊಡಬೇಕೆಂದು ಕೋರ್ಟು ಹೇಳಿತ್ತು. ಕೊಡಲಾರದವನೇನಲ್ಲ, ಹೊಸ ಬೈಕಿನ ಆಸೆಗೆ ಬಿದ್ದು ಕೊಟ್ಟಿರಲಿಲ್ಲ. ಹೆತ್ತವಳಿಗೆ ಅವಳ ಮಗುವಿನ ಮೇಲೇ ಆಣೆ ಇಟ್ಟರೆ ಕರುಳು ಚುರ್ ಎನ್ನುತ್ತದೆ, ಮೈಮೇಲೆ ಬೀಳುತ್ತಾಳೆ. ಅದಕ್ಕೇ ಈ ಮನೆಗೆ ಆ ಮನೆಯ ಮಗುವಿನಾಣೆ, ಆ ಮನೆಗೆ ಈ ಮನೆಯ ಮಗುವಿನಾಣೆ. ಯಾರಿಗೂ ನೋಯುತ್ತಿರಲಿಲ್ಲ.

ಆ ಸಂಜೆ ಮೊದಲನೆಯವಳ ಫೋನ್ ಬಂತು. ಮಗಳ ಶಾಲೆಯ ಫೀಸು ಕಟ್ಟಬೇಕಿತ್ತು. “ನನ್ನ ಮಗನಾಣೆಗೂ ಇನ್ನೂ ಸಂಬಳ ಆಗಿಲ್ಲ,” ಎಂದ. ಇಡುತ್ತಿದ್ದಂತೆ ಎರಡನೆಯವಳದು. ಮಗನ ಶೂ ಹರಿದಿತ್ತು. “ನನ್ನ ಮಗಳಾಣೆಗೂ ಕೈಯಲ್ಲಿ ಕಾಸಿಲ್ಲ.”

ದೀಪ ಮಂಕಾಯಿತು. ಕೆಳಗೆ ಲಾಂಡ್ರಿ ಯಂತ್ರಗಳ ಗುಡುಗುಡು ನಿಂತುಹೋಯಿತು. ಸೋಪು, ಒದ್ದೆ ಬಟ್ಟೆಗಳ ವಾಸನೆಯನ್ನು ಮೀರಿ ಕೂದಲು ಸುಟ್ಟ ಕಮಟು ಮೂಗಿಗೆ ಅಡರಿತು. ಹೊಸ್ತಿಲಲ್ಲಿ ಸದ್ದು. ಟಕ್. ಟಕ್. ಮರದ ಒಳಗಿನಿಂದ ಯಾರೋ ಮೊಳೆ ಬಡಿಯುತ್ತಿದ್ದರು.

ಮತ್ತೆ ಫೋನ್. ಎರಡನೆಯವಳು ಅಳುತ್ತಿದ್ದಳು: ಮಗನಿಗೆ ಉಸಿರು ಸಿಗುತ್ತಿಲ್ಲ, ತುಟಿ ನೀಲಿಗಟ್ಟಿದೆ. ಅವಳ ಮಾತು ಮುಗಿಯುವ ಮೊದಲೇ ಮೊದಲನೆಯವಳ ಕರೆ. ಮಗಳು ಕುಸಿದು ಬಿದ್ದಿದ್ದಾಳೆ. ಅವಳಿಗೂ ಉಸಿರು ಸಿಗುತ್ತಿಲ್ಲ.

ಸ್ಕ್ರೂಡ್ರೈವರ್ ಹಿಡಿದು ಹೊಸ್ತಿಲಿಗೆ ಬಿದ್ದ. ಮೀಟಿದ. ಮೊಳೆ ಅಲುಗಲಿಲ್ಲ. ಬೆರಳಿನಿಂದ ಹಿಡಿದ. ಕಾದ ಕಬ್ಬಿಣ. ಚರ್ಮ ಅಂಟಿಕೊಂಡಿತು. ಬೆರಳು ಕಿತ್ತುಕೊಂಡ. ಮೆಟ್ಟಿಲು ಹತ್ತಿ ಬಂದ ಅಜ್ಜಿ ಏದುಸಿರು ಬಿಡುತ್ತಿದ್ದಳು.

“ಅದು ಬರಲ್ಲ. ಸುಳ್ಳು ಯಾರಿಗೆ ಹೇಳಿದ್ಯೋ ಅವರಿಗೇ ನಿಜ ಹೇಳು. ಇಲ್ಲೇ ನಿಂತು.”

ಮೊದಲನೆಯವಳಿಗೆ ಹೇಳಿದ. ಸಂಬಳ ಆಗಿತ್ತು, ಬೈಕಿಗೆ ಹಾಕಿದೆ, ಆ ಹುಡುಗನ ತಲೆ ಮೇಲೆ ಸುಳ್ಳಾಣೆ ಇಟ್ಟೆ. ಆ ಕಡೆ ಮಗಳ ಗೊರಗೊರ ಉಸಿರು ಕೇಳುತ್ತಿತ್ತು. ತಾಯಿ ಮೆಲ್ಲಗೆ ಕೇಳಿದಳು:

“ಹಾಗಾದ್ರೆ ಇವಳ ತಲೆ ಮೇಲೆ ಯಾರಿಗೆ ಇಟ್ಟೆ?”

ಕರೆ ಕತ್ತರಿಸಿ ಎರಡನೆಯವಳಿಗೆ ಮಾಡಿದ. ಮಗ ಈಗಷ್ಟೇ ಉಸಿರೆಳೆದುಕೊಂಡ ಎಂದಳು ಅವಳು. ಅವಳಿಗೂ ಎಲ್ಲ ಒಪ್ಪಿಕೊಂಡ. ಬಡಿತ ನಿಂತಿತು. ಫೋನಿನಲ್ಲಿ ಮೊದಲನೆಯವಳ ಸಂದೇಶ ಮಿನುಗಿತು: ಎದ್ದು ಕೂತಳು.

ಅವನು ನೆಲದ ಮೇಲೆ ಕುಳಿತು ಅತ್ತ. ತನ್ನಂಥ ಅಪ್ಪ ಹಗೆಯ ಮಕ್ಕಳಿಗೂ ಬೇಡ ಎನ್ನಿಸಿತು. ಫೋನಿನಲ್ಲಿದ್ದ ಎರಡನೆಯವಳು ಬೈಯಲೂ ಇಲ್ಲ. ಆ ಮೌನವನ್ನು ತಡೆಯಲಾರದೆ ಅವನ ನಾಲಿಗೆ ರೂಢಿಯ ದಾರಿ ಹಿಡಿಯಿತು.

“ಇಬ್ಬರು ಮಕ್ಕಳಾಣೆಗೂ, ಇನ್ಮೇಲೆ ಒಂದು ತಿಂಗಳೂ ತಪ್ಪಿಸಲ್ಲ.”

ಅಜ್ಜಿ ಅವನ ಬಾಯಿ ಮುಚ್ಚಲು ಕೈ ಚಾಚಿದಳು. ತಡವಾಗಿತ್ತು.

“ಇದು ಸುಳ್ಳಲ್ಲ ಅಜ್ಜಿ. ಕೊಡ್ತೀನಿ,” ಎಂದ. ಎನ್ನುತ್ತಲೇ ತನ್ನೊಳಗೆ ತಡಕಾಡಿದ. ಬರುವ ತಿಂಗಳು ಕೊಡುತ್ತೇನೆ. ಅದರ ಮುಂದಿನದು? ಬೈಕಿನ ಕಂತು ನೆನಪಾಯಿತು. ಬೇಡವೆಂದರೂ ನೆನಪಾಯಿತು. ಒಂದು ತಿಂಗಳು ಏನಾದರೂ ಹೇಳಿ ಮುಂದೂಡಬಹುದು ಅನ್ನಿಸಿತು. ಅನ್ನಿಸಿತು, ಅಷ್ಟೇ.

ಟಕ್.

ಫೋನಿನಲ್ಲಿ ಮಗ ಕೆಮ್ಮತೊಡಗಿದ.