ಸೊನ್ನೆಯಾದ ಹನುಮಕ್ಕ

ಎದುರಿಗೆ ಲಾರಿ. ಎಡಕ್ಕೆ ಹಳ್ಳ. ಬೈಕ್ ತೊಂಬತ್ತರಲ್ಲಿತ್ತು!

ಹೇಗೋ ಬಚಾವಾದೆ. ಗುಬ್ಬಿ ದಾಟುವಾಗ ಇಯರ್‌ಫೋನಿನಲ್ಲಿ ಅನಂತರಾಜು ಗುರುಗುಟ್ಟಿದ. ಬಟವಾಡಿಯ ರಕ್ತಪರೀಕ್ಷೆ ಲ್ಯಾಬಿನ ಮಾಲೀಕ, ನನಗೆ ಕೆಲಸ ಕೊಟ್ಟವನು.

"ವಾಪಸ್ ಬಾರೋ. ನೀನು ಮಾಡಿರೋ ಕಿತಾಪತಿ ರೆಕಾರ್ಡಲ್ಲೈತೆ, ಅಳಿಸು. ಇಲ್ಲಾಂದ್ರೆ ಕೈ ಮುರಿಸ್ತೀನಿ."

"ಮೊದ್ಲು ಅಜ್ಜಿ ಸಿಗ್ಲಿ. ಆಮೇಲೆ ಮುರ್ಸಿ."

ನೋಡಿ, ಕೆಟ್ಟ ಡೇಟಾಬೇಸ್ ರಿಪೇರಿ ನನ್ನ ಕಸುಬು. ಐದು ದಿನದ ಹಿಂದೆ ಕಡಬದಲ್ಲಿ ಲ್ಯಾಬಿನವರ ಶುಗರ್ ಕ್ಯಾಂಪ್ ಆಗಿತ್ತು. ಶುಗರ್ ಮುನ್ನೂರು ದಾಟಿದವರ ಪಟ್ಟಿ ತೆಗೆದು ಫೋನ್ ಮಾಡಬೇಕು. ಪಟ್ಟಿ ತೆಗೆಯಲು ಕಂಪ್ಯೂಟರಿಗೆ ಬರೆದ ಆಜ್ಞೆ, ಅಂದರೆ ಕ್ವೆರಿ, ಪದೇಪದೇ ನಿಂತುಹೋಗುತ್ತಿತ್ತು. ಅಂಕಿ ಇರಬೇಕಾದ ಕಡೆ ಅಕ್ಷರ ಕೂತಿದ್ದವು. ಯಾವ ಅಕ್ಷರ ಅಂತಲೂ ನಾನು ನೋಡಲಿಲ್ಲ. ಅಂಕಿಯಾಗದ್ದೆಲ್ಲ ಸೊನ್ನೆ ಎಂದು ಕ್ವೆರಿಯಲ್ಲಿ ಬರೆದೆ. ಕ್ವೆರಿ ಮತ್ತೆ ನಿಲ್ಲಲಿಲ್ಲ... ಬೆನ್ನು ತಟ್ಟಿಸಿಕೊಂಡೆ.

ಇವತ್ತು ಬೆಳಿಗ್ಗೆ ಕ್ಯಾಂಪಿನ ನರ್ಸ್ ಸುಧಾ ಫೋನ್ ಮಾಡಿದಳು.

"ಸಾರ್, ಕಡಬದ ಅಜ್ಜಿ ಹನುಮಕ್ಕಂಗೆ ಯಾಕೆ ಫೋನ್ ಹೋಗಿಲ್ಲ? ಮೀಟರ್ 'ಹೈ' ಅಂತ ತೋರಿಸ್ತು. ಹಂಗೇ ಟೈಪ್ ಮಾಡಿದ್ದೆ."

ಹೈ ಅಂದರೆ ಆರುನೂರರ ಮೇಲೆ. ಮೀಟರೇ ಕೈಚೆಲ್ಲುವಷ್ಟು. ಅದನ್ನು ನಾನು ಸೊನ್ನೆ ಮಾಡಿದ್ದೆ.

ಫೋನ್ ಇಟ್ಟವನೇ ಬೈಕ್ ಹತ್ತಿದ್ದೆ. ಕಡಬದಲ್ಲಿ ಅಜ್ಜಿಯ ಮನೆಗೆ ಬೀಗ. ಪಕ್ಕದ ಮನೆಯ ಚಿಕ್ಕರಂಗಯ್ಯ ಹೇಳಿದ.

"ಮಗಳ ಮನೆಗೆ ಅಂತ ಕುಣಿಗಲ್ ಬಸ್ ಹತ್ತವ್ಳೆ. ನೀಲಿ ಸೀರೆ. ಮೂರ್ ದಿನದಿಂದ ಬರೀ ನೀರು ಕುಡಿಯೋದೇ ಕಣಪ್ಪ."

ಕುಣಿಗಲ್ ಬಸ್‌ಸ್ಟ್ಯಾಂಡ್. ಮೂಲೆಯ ಬೆಂಚು. ನೀಲಿ ಸೀರೆ...

ಏದುಸಿರು ಬಿಡುತ್ತಿದ್ದಳು. ಆಟೋ ಹತ್ತಿಸಿ ಆಸ್ಪತ್ರೆಗೆ ಓಡಿಸಿದೆ.

"ಯಾರಪ್ಪ ನೀನು? ದೇವ್ರು ಬಂದಂಗೆ ಬಂದೆ."

ನಾಚಿಕೆಯಿಂದ ಸತ್ತುಹೋದೆ.

ಉಳಿಯುತ್ತಾಳೆ ಎಂದರು ಡಾಕ್ಟರು. ಅನಂತರಾಜುಗೆ ಫೋನ್ ಮಾಡಿ ಹೇಳಿದೆ.

"ಬದುಕಿದ್ಳಲ್ಲ, ಬುಡು. ರೆಕಾರ್ಡ್ ಅಳಿಸು."

"ಅಳಿಸಲ್ಲ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಅಜ್ಜಿಯಂತೆ ಸೊನ್ನೆಯಾದವರು ಇನ್ನೆಷ್ಟು ಮಂದಿ ಎಂದು ಬೆಳಿಗ್ಗೆಯೇ ನೋಡಬೇಕಿತ್ತು. ಧೈರ್ಯ ಬಂದಿರಲಿಲ್ಲ. ಅಂಕಿಯಾಗದ್ದನ್ನು ಸೊನ್ನೆ ಮಾಡಬೇಡ, ಬೇರೆ ಎತ್ತಿಟ್ಟು ತೋರಿಸು ಎಂದು ಕ್ವೆರಿ ತಿದ್ದಿದೆ.

ಇನ್ನೂ ಒಂಬತ್ತು ಹೆಸರು ಬಂದವು.

ಮೊದಲನೆಯದು ಯಲ್ಲಯ್ಯ, ಮುಂದೆ 'ಹೈ'. ನಂಬರ್ ಒತ್ತಿದೆ. ಹೆಂಗಸೊಬ್ಬಳು ಎತ್ತಿದಳು.

"ಅವ್ರು ಹೋಗಿ ಮೂರ್ ದಿನ ಆಯ್ತು. ಇವತ್ತು ಹಾಲುತುಪ್ಪ. ನೀವ್ಯಾರು?"

"ಮೊದಲೇ ಫೋನ್ ಮಾಡಬೇಕಿದ್ದವನು" ಎಂದೆ.